ರಂಜಾನಿನಲ್ಲಿ ತಪ್ಪಿದ ಸೂಜಿ

ಸ್ಪಿರಿಟ್ಟಿನ ಹತ್ತಿ ತಣ್ಣಗೆ ಸೊಂಟದ ಕೆಳಗೆ ತಾಗಿತು, ಕಿಟಕಿಯಾಚೆ ಎದುರು ಮಹಡಿಯಲ್ಲಿ ಕೆಂಪು ಮೆಣಸಿನಕಾಯಿಯ ಸರಗಳು, ಇನ್ನೂ ಒಣಗಿಲ್ಲ, ಹೋದ ಸಲ ಎಡಕ್ಕೆ ಚುಚ್ಚಿದ್ದೆ ಅಲ್ವೇನೇ ದೊಂದೂ, ಅನ್ನುತ್ತಾಳೆ ಸಾತಿ ಅಕ್ಕ, ಬೀದಿಗೆಲ್ಲ ಸೂಜಿ ಹಾಕುವವಳು ಅವಳೇ, ಹೋದ ಸಲ ಎಂದರೆ ರಂಜಾನಿಗೆ ಮೊದಲು, ನಡುವೆ ಒಂದನ್ನು ಅಂಕಾರಾದಲ್ಲೇ ಹಾಕಿಸಿಕೊಂಡೆ ಎಂದು ಸುಳ್ಳು ಹೇಳಿದ್ದೇನೆ — ಮೂರು ವಾರಕ್ಕೊಂದು ಪೆನಿಸಿಲಿನ್, ಒಂದೂ ತಪ್ಪಿಸಬೇಡಮ್ಮ, ಅಂಕಾರಾದ ಡಾಕ್ಟರು ಬೆರಳೆತ್ತಿ ಹೇಳಿದ್ದರು, ಬೆಹ್ಚೆತ್ ಕಾಯಿಲೆ ಅಂದ್ರೆ ಹಾಗೇ, ನಿನ್ನ ಮೈಯೇ ನಿನ್ನ ಮೇಲೆ ಉರಿದು ಬೀಳುತ್ತೆ, ಬಾಯಿ ಹುಣ್ಣಾಗುತ್ತೆ, ಹೇಳಬಾರದ ಜಾಗ ಹುಣ್ಣಾಗುತ್ತೆ, ಆಮೇಲೆ ಕಣ್ಣಿಗೆ ಬರುತ್ತೆ, ಸೂಜಿ ಅದನ್ನ ಕಟ್ಟಿಹಾಕಿದೆ, ಕಟ್ಟು ಬಿಚ್ಚಬೇಡ. ಬಿಚ್ಚಿದೆ. ಸೂಜಿ ಚುಚ್ಚಿಸಿದರೆ ಉಪವಾಸ ಮುರಿಯುತ್ತದೆ ಎಂದುಕೊಂಡೆ, ಇಮಾಮರನ್ನು ಕೇಳಬಹುದಿತ್ತು, ಯಾತಕ್ಕಮ್ಮ ಸೂಜಿ ಎಂದರೆ ಏನು ಹೇಳಲಿ, ನಾಚಿಕೆಯಾಯಿತು; ಸಂಜೆ ಉಪವಾಸ ಬಿಟ್ಟ ಮೇಲೆ ಬಾರೇ, ಬಾಗಿಲು ತೆಗೆದೇ ಇರುತ್ತೆ, ಸಾತಿ ಅಕ್ಕ ಕರೆದಿದ್ದಳು, ಹನ್ನೆರಡು ಜನರ ತಟ್ಟೆ ಯಾರು ತೊಳೆಯುತ್ತಾರೆ, ಮಗಳು ಎಲ್ವಾನಳನ್ನು ಕೊಡಲಿರುವ ಬೀಗರು ಬೇರೆ, ಸಾಕಾಗಿತ್ತು, ನಿಂತಲ್ಲೇ ನಿದ್ದೆ ಬರುತ್ತಿತ್ತು. ನಾಲಿಗೆ ತುಂಬ ಹುಣ್ಣು, ಸೂಪಿನ ಚಮಚ ತಾಗಿದರೆ ಪ್ರಾಣ ಹೋಗುತ್ತಿತ್ತು, ಅತ್ತೆ ಹೊಗಳಿದ್ದೇ ಹೊಗಳಿದ್ದು, ನೋಡಿ ನಮ್ಮ ಸೊಸೇನ, ಉಪವಾಸ ಬಿಟ್ಟ ಮೇಲೂ ಎರಡೇ ತುತ್ತು, ಪುಣ್ಯವಂತೆ — ಅಯ್ಯೋ ನನ್ನ ಪುಣ್ಯವೇ.

ಒಳಗೆ ಹೋಯಿತು, ಗಟ್ಟಿ ಹಾಲಿನಂಥದ್ದು, ಕಾಲಿಡೀ ಹಿಡಿಯುತ್ತದೆ, ನಾಳೆ ಚುಚ್ಚಿದ ಜಾಗದಲ್ಲೂ ಕೀವುಗುಳ್ಳೆ ಏಳುತ್ತದೆ, ಈ ಮೈಗೆ ಸೂಜಿಮೊನೆಯೂ ಶತ್ರುವೇ, ಎಲ್ವಾನಳ ಮದುವೆಯ ತಲೆವಸ್ತ್ರಗಳಿಗೆ ಸೂಜಿಯಲ್ಲಿ ಅಂಚು ಕಟ್ಟುವಾಗ ಚುಚ್ಚಿಕೊಂಡ ಬೆರಳೂ ಹಾಗೇ, ಇನ್ನೂ ಐದು ಬಾಕಿ, ಹಬ್ಬದ ಎರಡನೇ ದಿನದಿಂದ ದಾರ ಪೋಣಿಸಲಾಗುತ್ತಿಲ್ಲ, ಈರುಳ್ಳಿ ಹೆಚ್ಚಿದ್ದಕ್ಕೆ ಕಣ್ಣು ಕೆಂಪಾಗಿದೆ ಎಂದೆ, ಗಂಡ ನಂಬಿದ, ನಾನೂ ನಂಬಿದೆ. ನೋವಾಯ್ತೇನೇ, ಅನ್ನುತ್ತಾಳೆ ಸಾತಿ ಅಕ್ಕ, ಕಲ್ಲಾಗ್ಬೇಡ, ಸಡಿಲ ಬಿಡು, ಆ ಕಡೆ ಮುಖ ಮಾಡಿ ಎಂದಿನ ಹಾಗೆ ಮೆಣಸಿನಕಾಯಿ ಎಣಿಸು, ಹೋದ ಸಲ ಮೊದಲ ಸರಕ್ಕೆ ನಲವತ್ತೆರಡು ಅಂದಿದ್ದೆ, ಯಾರಾದ್ರೂ ಕದ್ದಿದ್ದಾರಾ ನೋಡು — ಮುಖ ತಿರುಗಿಸಿದೆ, ಬಲಗಣ್ಣು ದಿಂಬಿನಲ್ಲಿ ಹೂತಿತು, ಹೊರಗುಳಿದದ್ದು ಎಡಗಣ್ಣೊಂದೇ, ಕಿಟಕಿ ಇದೆ, ಬೆಳಕಿದೆ, ಮೆಣಸಿನಕಾಯಿ — ಎಷ್ಟೇ? ಹೇಳೇ, ಬಾಯಿಗೇನಾಯ್ತು — ತೊಟ್ಟು ಕಾಣದು, ತುದಿ ಕಾಣದು, ಒಂದು ಎಂದು ಶುರುಮಾಡಲು ಒಂದೂ ಇಲ್ಲ, ಹೇಳಬೇಕು, ಈಗಲೇ ಹೇಳಬೇಕು, ಸಾತಿ ಅಕ್ಕ, ನಾನು ಅಂಕಾರಾಕ್ಕೆ ಹೋಗೇ ಇರಲಿಲ್ಲ — ಎಷ್ಟೇ ದೊಂದೂ? — ಕೆಂಪು, ಬರೀ ಕೆಂಪು, ಕಿಟಕಿಯ ತುಂಬ ಕೆಂಪು