ಹತ್ತೊಂಬತ್ತು ಪುಟ

ಈ ಅಂಬಿಗ ಬಾಯಿ ಬಿಡಬೇಕೇ? ಹತ್ತೊಂಬತ್ತು ಪುಟ ಸುಮ್ಮನೆ ಹುಟ್ಟು ಹಾಕಿದವನು ಇಪ್ಪತ್ತನೆಯದರಲ್ಲಿ ಏಕೆ ಮಾತಾಡಿಯಾನು? ಅಥವಾ ಮಾತು ಬರೆಯಲು ಬಾರದೆ ನಾನೇ ಅವನ ಬಾಯಿ ಕಟ್ಟಿದ್ದೇನೆಯೇ?

ಸುಮಧ್ವ ಪೆನ್ನಿಟ್ಟು ಕಣ್ಣುಜ್ಜಿಕೊಂಡ. ಇಪ್ಪತ್ತನಾಲ್ಕು ಗಂಟೆಯಲ್ಲಿ ಇಪ್ಪತ್ತನಾಲ್ಕು ಪುಟದ ಕಾಮಿಕ್ಸ್ ಚಿತ್ರಕಥೆ. ಹವ್ಯಾಸಿಗಳ ವಾಟ್ಸಾಪ್ ಗುಂಪೊಂದು ವರ್ಷಕ್ಕೊಮ್ಮೆ ಒಡ್ಡುವ ಸವಾಲು. ನಿನ್ನೆ ಮಧ್ಯಾಹ್ನ ಹನ್ನೆರಡಕ್ಕೆ ಶುರು, ಇವತ್ತು ಹನ್ನೆರಡಕ್ಕೆ ಗಡುವು. ಹೋದ ವರ್ಷ ಹನ್ನೊಂದನೇ ಪುಟಕ್ಕೆ ಕೈಬಿಟ್ಟಿದ್ದ, ಅದರ ಹಿಂದಿನ ವರ್ಷ ಏಳಕ್ಕೆ. ಎಂ.ಎ. ಆದಮೇಲೆ ಹಿಡಿದ ಯಾವುದನ್ನೂ ಅವನು ಕೊನೆ ಮುಟ್ಟಿಸಿರಲಿಲ್ಲ. ಈಗ ಒಂಬತ್ತು ಗಂಟೆ. ಐದು ಪುಟ. ಆಗುತ್ತದೆ.

ಅಪ್ಪ ಬದರೀನಾರಾಯಣಾಚಾರ್ಯರು ಮೆಟ್ಟಿಲೇರಿ ಬಂದರು. ಗಂಗೆಯ ದಡದ ಹನುಮಾನ್ ಘಾಟಿನ ಈ ಮನೆಯಲ್ಲಿ ಊರಕಡೆಯ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವುದು ಅವರ ಕೆಲಸ.

“ಪಿತೃಸ್ಥಾನಕ್ಕೆ ಹೇಳಿದ್ದವರಿಗೆ ಜ್ವರವಂತೆ. ನೀನು ಕೂತ್ಕೋಬೇಕು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ತಾನೆ?”

ಸತ್ತವರ ಜಾಗದಲ್ಲಿ ಕೂತು ಉಣ್ಣುವವನು ಉಪವಾಸವಿರಬೇಕು. ಚಾಯ್ ಜೊತೆ ಬಿಸ್ಕತ್ತು ತಿಂದೆ ಅಂದರೆ ಸಾಕು, ಬಿಡುಗಡೆ. ಆದರೆ ತಿಂದಿರಲಿಲ್ಲ. ಬರೆಯುತ್ತ ಮರೆತಿದ್ದ.

“ಮೂರು ಮನೆ ಸುತ್ತಿ ಬಂದೆ ಕಣೋ. ಎಲ್ಲರಿಗೂ ಬೇರೆ ಕಡೆ ಹೇಳಿಕೆಯಾಗಿದೆ.” ಅಪ್ಪ ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುತ್ತಿದ್ದರು.

“ಇಲ್ಲ, ತಿಂದಿಲ್ಲ.”

“ಹಾಗಾದ್ರೆ ಸ್ನಾನಕ್ಕೆ ಇಳಿ. ನಿನ್ನ ಬೊಂಬೆಗಳೇನು ಎದ್ದು ಓಡಿಹೋಗಲ್ಲ.”

ಗಂಗೆಯಲ್ಲಿ ಮುಳುಗಿ ಬಂದ. ಶ್ರಾದ್ಧ ಮಾಡಿಸಲು ಊರಿಂದ ಬಂದಿದ್ದ, ಅಪ್ಪನ ವಯಸ್ಸಿನ ಹರ್ಷವರ್ಧನರು ಬಗ್ಗಿ ಅವನ ಪಾದ ತೊಳೆದರು. ಸತ್ತವರು ಅವರ ತಂದೆ. ಮಂತ್ರ ಮುಂದುವರಿದಂತೆ ರೆಪ್ಪೆ ಮುಚ್ಚುತ್ತಿತ್ತು. ಅಪ್ಪ ಸ್ವರ ಏರಿಸಿ ಎಬ್ಬಿಸುತ್ತಿದ್ದರು.

ಕೊನೆಗೆ ಎಲೆ ಹಾಕಿದರು. ಉಣ್ಣುವಾಗ ಮಾತಾಡುವಂತಿಲ್ಲ. ಹರ್ಷವರ್ಧನರ ತಾಯಿ ಪದ್ಮಾಬಾಯಿ ಬಾಗಿಲಲ್ಲಿ ಕೂತು ಅವನನ್ನೇ ನೋಡುತ್ತಿದ್ದರು.

“ಇನ್ನೊಂದು ವಡಿ ಹಾಕ್ರಿ ಅವರಿಗೆ. ಕೇಳಬ್ಯಾಡ್ರಿ. ನಮ್ಮನಿಯವರೂ ಹಂಗ, ಕೇಳಿದ್ರ ಒಲ್ಲೆ ಅಂತಿದ್ರು, ಕೇಳದ ಹಾಕಿದ್ರ ಸುಮ್ನ ಉಣತಿದ್ರು.”

ಯಾರೋ ನಕ್ಕರು. ವಡೆ ಬಿತ್ತು. ಎದುರಿನ ಗಡಿಯಾರದಲ್ಲಿ ಹನ್ನೆರಡು ದಾಟಿ ಏಳು ನಿಮಿಷವಾಗಿತ್ತು. ಅವನು ವಡೆ ಮುರಿದು ತಿಂದ. ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡರು.

“ತೃಪ್ತರಾದಿರಾ?” ಎಂದು ಹರ್ಷವರ್ಧನರು ಕೈಮುಗಿದು ಕೇಳಿದರು. ಅದಕ್ಕೆ ಒಂದೇ ಉತ್ತರವಿರುವುದು. ಕೊಟ್ಟ.

ಸಂಜೆ ಅಪ್ಪ ಮೇಲೆ ಬಂದು ಹಾಳೆಗಳನ್ನು ತಿರುವಿದರು. “ಇವನು ಮಾತೇ ಆಡಲ್ಲವಲ್ಲೋ,” ಅಂದರು. “ಇರಲಿ, ನಾಳೆ ಕೂತು ಮುಗಿಸು.”

ಸುಮಧ್ವ ತಲೆಯಾಡಿಸಿದ. ಗಡುವು ಹನ್ನೆರಡಕ್ಕೇ ತೀರಿತ್ತು ಎಂದು ಅವನು ಅಪ್ಪನಿಗೆ ಯಾವತ್ತೂ ಹೇಳಲಿಲ್ಲ.