ಕ್ಲಚ್ ಇಲ್ಲದ ಗಾಡಿ

ನಾನು ಒಂದು ಸ್ಕೂಟರ್. ಆದರೆ ಸ್ಕೂಟರ್ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬರುವ, ಕಾಲಿನ ಬಳಿ ತರಕಾರಿ ಚೀಲ ಇಟ್ಟುಕೊಂಡು ಪೇಟೆಗೆ ಹೋಗಿ ಬರುವ ಗಾಡಿ ನಾನಲ್ಲ. ನನ್ನ ಎಂಜಿನ್ ಮುನ್ನೂರು ಸಿಸಿಯದು. ಎಷ್ಟೋ ಮೋಟಾರ್ ಸೈಕಲ್‌ಗಳಿಗಿಂತ ನಾನೇ ಹೆಚ್ಚು ತೂಗುತ್ತೇನೆ. ನಾನು ಹುಟ್ಟಿದ ದಿನ ಕಾರ್ಖಾನೆಯ ಸಾಲಿನ ಕೊನೆಯಲ್ಲಿ ನೀಲಿ ಅಂಗಿ ತೊಟ್ಟ ಹೆಂಗಸೊಬ್ಬಳು ನನ್ನನ್ನು ಮೊದಲ ಸಲ ಚಾಲೂ ಮಾಡಿದಳು. ಎರಡೂ ಬ್ರೇಕು ಹಿಡಿದು ನೋಡಿ, ಕಾಗದದಲ್ಲಿ ಗುರುತು ಹಾಕಿ, ಸೀಟಿನ ಮೇಲೆ ಕೈಯಾಡಿಸಿ, "ಪಾಪ, ಇಷ್ಟು ದೊಡ್ಡ ಸ್ಕೂಟರನ್ನು ಯಾರು ಕೊಳ್ಳುತ್ತಾರೋ" ಎಂದಳು. ಅವಳ ಕೈ ಬೆಚ್ಚಗಿತ್ತು. ಆದರೆ ಆ ಮಾತು ಲಾರಿಯಲ್ಲಿ ಮಂಗಳೂರಿನವರೆಗೂ ನನ್ನ ಜೊತೆಯಲ್ಲೇ ಬಂತು.

ಅಂಗಡಿಯಲ್ಲಿ ಹನ್ನೊಂದು ತಿಂಗಳು ನಿಂತೆ. ಬಂದವರು ನನ್ನ ಮೇಲೆ ಕೂರುತ್ತಿದ್ದರು, ಫೋಟೋ ತೆಗೆಸಿಕೊಳ್ಳುತ್ತಿದ್ದರು, ಬೆಲೆ ಕೇಳಿ ನಗುತ್ತಿದ್ದರು. "ಇಷ್ಟು ಕೊಟ್ಟರೆ ಒಳ್ಳೇ ಬೈಕೇ ಬರ್ತದಲ್ಲ ಮಾರಾಯ್ರೆ" ಎಂದು ಎದ್ದು ಹೋಗುತ್ತಿದ್ದರು. ಕಸ ಗುಡಿಸಲು ಬರುತ್ತಿದ್ದ ಗುಲಾಬಿ ಮಾತ್ರ ದಿನವೂ ನನ್ನ ಕನ್ನಡಿಗಳನ್ನು ಒರೆಸುತ್ತಿದ್ದಳು. ಅದು ಅವಳ ಕೆಲಸವಾಗಿರಲಿಲ್ಲ. ಮಾರಾಟವಾಗದ ಗಾಡಿಗೆ ಧೂಳು ಹಿಡಿದರೆ ಇನ್ನಷ್ಟು ಹಳತಾಗಿ ಕಾಣುತ್ತದೆ ಎಂದು ಅವಳಿಗೆ ತೋಚಿರಬೇಕು.

ಒಂದು ಶನಿವಾರ ಭುಜಂಗ ಸಾಲ್ಯಾನರು ಹೆಂಡತಿ ವಾರಿಜಾ ಅವರೊಂದಿಗೆ ಬಂದರು. ಅವರು ಐಟಿಐಯಲ್ಲಿ ಲೇತ್ ಯಂತ್ರದ ಕೆಲಸ ಕಲಿಸುವ ಮೇಷ್ಟ್ರು, ಐವತ್ತಾರು ವರ್ಷ. ಎಡಮಂಡಿಯ ಶಸ್ತ್ರಚಿಕಿತ್ಸೆಯಾಗಿ ನಾಲ್ಕು ತಿಂಗಳಾಗಿತ್ತು. ಗೇರು ಹಾಕುವ ಆ ಕಾಲಿಗೆ ಇನ್ನು ಗೇರು ಬೇಡ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಮೂವತ್ತು ವರ್ಷ ಮೋಟಾರ್ ಸೈಕಲ್ ಓಡಿಸಿದವರು ನನ್ನ ಮೇಲೆ ಅಪರಿಚಿತರ ಮನೆಯ ಸೋಫಾದಲ್ಲಿ ಕೂತಂತೆ ತುದಿಯಲ್ಲಿ ಕೂತರು. ಎಡಪಾದ ಗೇರು ಹುಡುಕಿತು. ಮಂಡಿಗಳು ಒತ್ತಿ ಹಿಡಿಯಲು ಪೆಟ್ರೋಲ್ ಟ್ಯಾಂಕ್ ಹುಡುಕಿದವು. ಎಡಗೈ ಲಿವರನ್ನು ಪೂರ್ತಿ ಅಮುಕಿ ಹಿಡಿಯಿತು.

ಮೋಟಾರ್ ಸೈಕಲ್ಲಿನಲ್ಲಿ ಅದು ಕ್ಲಚ್ಚಿನ ಜಾಗ. ನನ್ನಲ್ಲಿ ಕ್ಲಚ್ ಇಲ್ಲ. ಅಲ್ಲಿರುವುದು ಹಿಂದಿನ ಚಕ್ರದ ಬ್ರೇಕು. ನನ್ನ ಕಳವಳ ಶುರುವಾದದ್ದು ಆ ಗಳಿಗೆಯಲ್ಲಿ.

"ಇದು ಹೆಂಗಸರ ಗಾಡಿಯ ಹಾಗೆ ಉಂಟಲ್ಲಾ," ಎಂದರು ಸಾಲ್ಯಾನರು.

"ಹೌದು, ಹೆಂಗಸರು ಬೀಳದೆ ಬಿಡ್ತಾರೆ. ನಿಮಗೆ ಆಗ್ತದಾ ನೋಡಿ," ಎಂದರು ವಾರಿಜಾ.

ಆವತ್ತೇ ಮನೆಗೆ ಹೊರಟೆವು. ವಾರಿಜಾ ಆಟೋದಲ್ಲಿ ಮುಂದೆ ಹೋಗಿದ್ದರು. ಮೊದಲ ಸರ್ಕಲ್ಲಿನಲ್ಲಿ ವೇಗ ತಗ್ಗಿಸುವಾಗ ಸಾಲ್ಯಾನರ ಎಡಗೈ ಹಳೆಯ ಅಭ್ಯಾಸದಂತೆ ಲಿವರನ್ನು ಪೂರ್ತಿ ಎಳೆಯಿತು. ನನ್ನ ಹಿಂದಿನ ಚಕ್ರ ಕಚ್ಚಿ ನಿಂತು ಪಕ್ಕಕ್ಕೆ ಜಾರಿತು. ಹಿಂದಿದ್ದ ರಿಕ್ಷಾ ಒಂದು ಗೇಣು ದೂರದಲ್ಲಿ ನಿಂತಿತು. ಡ್ರೈವರ್ ಬೈಯಲು ತಲೆ ಹೊರಗೆ ಹಾಕಿದವನು ಸಾಲ್ಯಾನರ ಮುಖ ನೋಡಿ, "ಹೊಸ ಗಾಡಿಯಾ ಅಣ್ಣಾ? ನಿಧಾನ, ಅವಸರ ಎಂತ ಇಲ್ಲ," ಎಂದು ಹಿಂದಿನವರಿಗೆಲ್ಲ ಕೈ ಅಡ್ಡ ಹಿಡಿದು ನಮಗೆ ದಾರಿ ಮಾಡಿಕೊಟ್ಟ.

ಮನೆಗೆ ಬಂದಾಗ ವಾರಿಜಾ ಕೇಳಿದರು: "ಹೇಗುಂಟು?"

"ಬೆಣ್ಣೆ," ಎಂದರು ಸಾಲ್ಯಾನರು. ಆ ಜಾರಿಕೆ ನಮ್ಮಿಬ್ಬರ ಗುಟ್ಟಾಗಿ ಉಳಿಯಿತು. ಗುಟ್ಟು ಬಚ್ಚಿಡುವುದು ಅವರಿಗೆ ಸುಲಭವಿತ್ತೋ ಏನೋ, ನನಗಂತೂ ಇರಲಿಲ್ಲ.

ಅವರು ಯಾಕೆ ಮುಚ್ಚಿಟ್ಟರು ಎಂಬುದು ಮರುವಾರ ತಿಳಿಯಿತು. ಅವರದೊಂದು ಸವಾರರ ಗುಂಪಿತ್ತು, ಹನ್ನೆರಡು ಮೋಟಾರ್ ಸೈಕಲ್‌ಗಳು. ತಿಂಗಳಿಗೊಂದು ಭಾನುವಾರ ದೂರ ಹೋಗಿ ತಿಂಡಿ ತಿಂದು ಬರುತ್ತಿದ್ದರು. ಸಾಲಿನ ಕಟ್ಟಕಡೆಯ ಸವಾರನನ್ನು ಅವರು ಬಾಲ ಎಂದು ಕರೆಯುತ್ತಿದ್ದರು. ಯಾರ ಗಾಡಿ ಕೆಟ್ಟರೂ ಬಾಲ ನಿಲ್ಲಬೇಕು, ಬಾಲಕ್ಕಿಂತ ಹಿಂದೆ ಯಾರೂ ಉಳಿಯಬಾರದು. ಪ್ರತಿ ತಿರುವಿನಲ್ಲೂ ಮುಂದಿನವನು ಕನ್ನಡಿಯಲ್ಲಿ ಹಿಂದಿನವನ ದೀಪ ಕಾಣುವ ತನಕ ನಿಲ್ಲುತ್ತಾನೆ. ಬಾಲಕ್ಕೆ ಮಾತ್ರ ಕಾಯಲು ಹಿಂದೆ ಯಾರೂ ಇರುವುದಿಲ್ಲ, ಅದಕ್ಕೇ ಅದು ನಂಬಿಕೆಯ ಜಾಗ. ಹದಿನಾಲ್ಕು ವರ್ಷದಿಂದ ಆ ಜಾಗ ಸಾಲ್ಯಾನರದು.

ನನ್ನನ್ನು ನೋಡಿ ಆಲ್ವಿನ್ ಮಿನೇಜಸ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಗುಂಪಿನಲ್ಲೇ ದೊಡ್ಡ ಸದ್ದಿನ ಗಾಡಿಯವನು, ನಲವತ್ತರ ಹತ್ತಿರದ ಬೇಕರಿ ಮಾಲೀಕ.

"ಭುಜಂಗಣ್ಣಾ, ಇದರಲ್ಲಿ ಗ್ಯಾಸ್ ಸಿಲಿಂಡರ್ ಎಲ್ಲಿ ಇಡುದು?"

"ನಿನ್ನ ತಲೆಯ ಮೇಲೆ," ಎಂದರು ಸಾಲ್ಯಾನರು.

ಎಲ್ಲರಿಗಿಂತ ಹಿರಿಯರಾದ ಮೋನಬ್ಬ ನಗಲಿಲ್ಲ. ನನ್ನ ಸುತ್ತ ಒಂದು ಸಲ ನಡೆದು ಮೆಲ್ಲಗೆ ಹೇಳಿದರು: "ಮುಂದಿನ ತಿಂಗಳು ಚಾರ್ಮಾಡಿ ಘಾಟಿ ಹತ್ತಿ ಇಳಿದು ಬರುವ. ಸರಿ ಹೋದ್ರೆ ಬಾಲ ನಿಮ್ಮದೇ. ಇಲ್ಲದಿದ್ರೆ ಬೇರೆಯವರು ನೋಡಿಕೊಳ್ತಾರೆ. ಬೇಜಾರು ಮಾಡಬೇಡಿ ಭುಜಂಗಣ್ಣ."

ಮಂಡಿ ಹೋಯಿತು, ಹಳೆಯ ಗಾಡಿ ಹೋಯಿತು. ಬಾಲದ ಜಾಗವೂ ಹೋದರೆ ಆ ಗುಂಪಿನಲ್ಲಿ ಅವರದು ಎಂದು ಇನ್ನೇನು ಉಳಿಯುತ್ತದೆ?

ಮರುದಿನದಿಂದ ಬೆಳಗಿನ ಆರು ಗಂಟೆಗೆ ಐಟಿಐ ಮೈದಾನದಲ್ಲಿ ನಮ್ಮ ಅಭ್ಯಾಸ. ಎಡಗಡೆಯ ಲಿವರಿಗೆ ತೆಂಗಿನ ನಾರಿನ ಹಗ್ಗ ಸುತ್ತಿದರು. ಒರಟು ತಗುಲಿದ ಕೂಡಲೇ ಇದು ಬ್ರೇಕು ಎಂದು ಬೆರಳಿಗೆ ನೆನಪಾಗಲಿ ಎಂದು. ದಿನಕ್ಕೆ ನಲವತ್ತು ಸುತ್ತು. ಮನಸ್ಸಿಟ್ಟು ಓಡಿಸಿದಾಗ ಕೈ ಸರಿಯಾಗಿಯೇ ಇರುತ್ತಿತ್ತು. ಯೋಚನೆ ಎಲ್ಲಿಗಾದರೂ ಹೋದರೆ ಸಾಕು, ತಿರುವಿನಲ್ಲಿ ಬೆರಳುಗಳು ಮುಚ್ಚುತ್ತಿದ್ದವು. ಮೊದಲ ವಾರ ದಿನಕ್ಕೆ ಹತ್ತು ಸಲ, ಮೂರನೆಯ ವಾರ ದಿನಕ್ಕೆ ಒಂದು ಸಲ. ಘಾಟಿಯಲ್ಲಿ ಆ ಒಂದು ಸಲ ಸಾಕಲ್ಲ ಎಂದು ನಾನು ಹೆದರುತ್ತಿದ್ದೆ.

ನವೆಂಬರಿನ ಆ ಭಾನುವಾರ ವಾರಿಜಾ ಕೂಡ ಹೊರಟರು. ಮೋಟಾರ್ ಸೈಕಲ್ಲಿನ ಹಿಂದೆ ಸೊಂಟ ನೋಯುತ್ತದೆಂದು ಐದು ವರ್ಷದಿಂದ ಅವರು ಬರುತ್ತಿರಲಿಲ್ಲ. ನನ್ನ ಅಗಲ ಸೀಟು, ಬೆನ್ನಿಗೆ ಒರಗು ನೋಡಿ ಮನಸ್ಸಾಗಿತ್ತು. ಅವರ ಭಾರ ನನ್ನ ಮೇಲೆ ಬಿದ್ದಾಗ ನನಗೆ ಸಂತೋಷವೂ ಆಯಿತು, ಜೀವವೂ ಹಾರಿತು. ಇವರಿಗೆ ಗೊತ್ತಿಲ್ಲವಲ್ಲ!

ಹತ್ತುವಾಗ ಏನೂ ಆಗಲಿಲ್ಲ. ಸಾಲ್ಯಾನರ ಮನಸ್ಸೆಲ್ಲ ಬೆರಳ ತುದಿಯಲ್ಲಿತ್ತು. ಗೇರಿನ ಗೊಡವೆಯಿಲ್ಲದೆ ನಾನು ಒಂದೇ ಉಸಿರಿನಲ್ಲಿ ಏರಿದೆ. ಮುಂದಿನವರ ಗಾಡಿಗಳು ತಿರುವು ತಿರುವಿಗೂ ಗುರುಗುಟ್ಟಿ, ತಗ್ಗಿ, ಮತ್ತೆ ಗುರುಗುಟ್ಟುತ್ತಿದ್ದವು. ನಾಲ್ವರ ಮಳೆಯಂಗಿ, ಮೋನಬ್ಬರ ಚಹಾದ ಫ್ಲಾಸ್ಕ್, ವಾರಿಜಾ ಕರಿದು ಕಟ್ಟಿಕೊಂಡು ಬಂದ ಚಟ್ಟಂಬಡೆ, ಎಲ್ಲ ನನ್ನ ಸೀಟಿನ ಕೆಳಗೇ ಇದ್ದವು.

ಕೊಟ್ಟಿಗೆಹಾರದ ಹೋಟೆಲಿನಲ್ಲಿ ನೀರುದೋಸೆ ತಿನ್ನುವಾಗ ಆಲ್ವಿನ್ ಎಡಗೈ ಬೆರಳುಗಳನ್ನು ಬಿಡಿಸಿ ಮಡಿಸಿ ನೋಡಿಕೊಳ್ಳುತ್ತಿದ್ದ. "ಕ್ಲಚ್ ಹಿಡಿದು ಹಿಡಿದು ಕೈ ಸತ್ತುಹೋಯ್ತು. ನೀವು ಎಂತ ಭುಜಂಗಣ್ಣ, ಈಗ ಮಲಗಿ ಎದ್ದು ಬಂದವರ ಹಾಗೆ ಇದ್ದೀರಿ?"

ವಾರಿಜಾ ನಕ್ಕರು. "ನಾನು ದಾರಿಯಲ್ಲಿ ಎರಡು ಸಲ ತೂಕಡಿಸಿದೆ."

"ಕೊಡಿ ನೋಡುವ. ಒಂದು ರೌಂಡ್," ಎಂದು ಆಲ್ವಿನ್ ಕೈ ಚಾಚಿದ.

ಈಗ ಹೇಳುತ್ತಾರೆ ಎಂದು ನಾನು ಕಾದೆ. ಎಡಗೈ ಜಾಗ್ರತೆ, ಅದು ಕ್ಲಚ್ ಅಲ್ಲ ಎಂಬ ನಾಲ್ಕು ಮಾತು ಸಾಕಿತ್ತು. ಸಾಲ್ಯಾನರು ಬಾಯಿ ತೆರೆದರು. ಮೋನಬ್ಬರ ಕಡೆ ನೋಡಿದರು, ವಾರಿಜಾರ ಕಡೆ ನೋಡಿದರು. ನಿಮಗೆ ಹೇಗೆ ಗೊತ್ತು, ನಿಮಗೂ ಹಾಗಾಗಿತ್ತಾ ಎಂದು ಯಾರಾದರೂ ಕೇಳಿದರೆ? ಹಗ್ಗ ಸುತ್ತಿದ್ದು ಯಾಕೆ ಎಂದು ಆಲ್ವಿನ್ ಕೇಳಿದಾಗಲೂ, "ಹಿಡಿತಕ್ಕೆ" ಎಂದುಬಿಟ್ಟರು. ಕೀ ಕೊಟ್ಟು, "ನಿಧಾನ ಹೋಗು" ಎಂದಷ್ಟೇ ಹೇಳಿದರು.

ಮೊದಲ ಒಂದು ಮೈಲಿ ಆಲ್ವಿನ್ ಮಗುವಿನಂತೆ ಖುಷಿಪಟ್ಟ. "ಅಯ್ಯೋ ದೇವರೇ, ಇದು ತೇಲ್ತದೆ!" ಎಂದು ಒಬ್ಬನೇ ನಗುತ್ತಿದ್ದ. ಘಾಟಿಯ ಇಳಿಜಾರು ಶುರುವಾಗುವಲ್ಲಿ ಎಡಕ್ಕೆ ಕಡಿದಾದ ತಿರುವು ಬಂತು, ಎದುರಿನಿಂದ ಬಸ್ಸು. ಅವನ ಪಾದ ಗೇರು ತಗ್ಗಿಸಲು ಹೋಯಿತು, ಕೈ ಕ್ಲಚ್ ಹಿಡಿಯಿತು. ನನ್ನ ಹಿಂದಿನ ಚಕ್ರ ಕಚ್ಚಿ ಜಲ್ಲಿಯ ಮೇಲೆ ಜಾರಿತು. ಇಬ್ಬರೂ ಎಡಮಗ್ಗುಲಿಗೆ ಬಿದ್ದೆವು. ಬಸ್ಸು ಪಕ್ಕದಿಂದಲೇ ಹಾದು ಮುಂದೆ ಹೋಗಿ ನಿಂತಿತು. ಕಂಡಕ್ಟರ್ ಓಡಿ ಬಂದು ಆಲ್ವಿನ್‌ನನ್ನು ಎತ್ತಿ ಕೂರಿಸಿ, ಹೋಟೆಲಿನವರಿಗೆ ಸುದ್ದಿ ಮುಟ್ಟಿಸುತ್ತೇನೆಂದು ಹೊರಟ.

ಎಲ್ಲರೂ ಬಂದರು. ಆಲ್ವಿನ್‌ನ ಎಡ ಮುಂಗೈ ಸೊಟ್ಟಗೆ ಊದಿತ್ತು. "ಕ್ಲಚ್ ಅಂತ ಹಿಡಿದೆ," ಎಂದ ಅವನು ಹಲ್ಲು ಕಚ್ಚಿಕೊಂಡು. ಯಾರೋ, "ಈ ಸ್ಕೂಟರೇ ಸರಿಯಿಲ್ಲ, ನಾವು ಹೇಳ್ಲಿಲ್ವಾ?" ಎಂದರು. ಉಳಿದವರು ತಲೆ ಆಡಿಸಿದರು. ಸಾಲ್ಯಾನರು ಸುಮ್ಮನಿದ್ದಿದ್ದರೆ ತಪ್ಪೆಲ್ಲ ನನ್ನ ಮೇಲೆಯೇ ಬೀಳುತ್ತಿತ್ತು.

"ಗಾಡಿ ಸರಿ ಉಂಟು," ಎಂದರು ಅವರು. "ಆ ಕೈತಪ್ಪು ನನಗೂ ಆಗಿದೆ. ಒಂದಲ್ಲ, ತುಂಬಾ ಸಲ. ಹೇಳಿದ್ರೆ ಬಾಲ ತೆಗೀತೀರಿ ಅಂತ ಹೇಳ್ಲಿಲ್ಲ. ಇವನಿಗೂ ಹೇಳ್ಲಿಲ್ಲ."

ವಾರಿಜಾ ತಿರುಗಿ ನೋಡಿದರು. "ಯಾವಾಗಿಂದ?"

"ತಂದ ದಿವಸದಿಂದ."

"ಮತ್ತೆ ನನ್ನನ್ನು ಕೂರಿಸಿಕೊಂಡು ಬಂದದ್ದು?"

ವಾರಿಜಾ ತಮ್ಮ ಶಾಲು ಬಿಚ್ಚಿ ಆಲ್ವಿನ್‌ನ ಕೈಯನ್ನು ಕುತ್ತಿಗೆಗೆ ಕಟ್ಟಿದರು. ಗಂಟು ಚುಚ್ಚದಂತೆ ಅದರ ಕೆಳಗೆ ಕರವಸ್ತ್ರ ಮಡಿಸಿ ಇಟ್ಟರು.

ಫೋನಿಗೆ ಸಿಗ್ನಲ್ ಇರಲಿಲ್ಲ. ಇಳಿಯುವ ಬಸ್ಸಿಗೆ ಒಂದು ಗಂಟೆ ಕಾಯಬೇಕಿತ್ತು. ಕೈ ಕಟ್ಟಿದವನು ಹಿಡಿದುಕೊಳ್ಳದೆ ಒರಗಿ ಕೂರಬಹುದಾದ ಸೀಟು ನನ್ನದೊಂದೇ. ಅಲ್ಲಿದ್ದವರಲ್ಲಿ ನನ್ನನ್ನು ಪಳಗಿಸಲು ತಿಂಗಳಿಡೀ ಮೈದಾನ ಸುತ್ತಿದ ಕೈಯೂ ಒಂದೇ. ಮೋನಬ್ಬ ನನ್ನನ್ನು ಎತ್ತಿ ನಿಲ್ಲಿಸಿ ಎರಡೂ ಬ್ರೇಕು, ಚಕ್ರ ನೋಡಿ, ತುಂಡಾದ ಕನ್ನಡಿಯನ್ನು ಕಿತ್ತರು. ಕೀಯನ್ನು ವಾರಿಜಾರ ಕೈಗೆ ಕೊಟ್ಟರು. ಅವರು ಗಂಡನ ಮುಂದೆ ಅದನ್ನು ಚಾಚಿದರು.

"ಇವನನ್ನು ಜಾಗ್ರತೆ ಕೆಳಗೆ ಮುಟ್ಟಿಸಿ. ಜಗಳ ಮನೆಯಲ್ಲಿ ಮಾಡುವ."

ಆ ಇಳಿತದ ಪ್ರತಿ ಗಳಿಗೆಯೂ ನನಗೆ ನೆನಪಿದೆ. ಮುಂದೆ ಮೋನಬ್ಬರ ಗಾಡಿ, ಅದರ ಹಿಂದಿನ ಸೀಟಿನಲ್ಲಿ ವಾರಿಜಾ. ಮಂಜು ಅರ್ಧ ರಸ್ತೆ ನುಂಗಿತ್ತು. ನನ್ನ ಎಡ ಪಕ್ಕ ತರಚಿ ಉರಿಯುತ್ತಿತ್ತು. ಮೊದಲ ತಿರುವಿನಲ್ಲಿ ಸಾಲ್ಯಾನರ ಬೆರಳು ಮುಚ್ಚತೊಡಗಿದವು. ಹಿಂದಿನಿಂದ ಆಲ್ವಿನ್ ಕಿವಿಯ ಬಳಿ ಹೇಳಿದ: "ಎಡಗೈ ಮೆಲ್ಲ, ಭುಜಂಗಣ್ಣ." ಬೆರಳು ಸಡಿಲವಾದವು. ಎರಡನೆಯ ತಿರುವು, "ಮೆಲ್ಲ." ಮೂರನೆಯದು, "ಮೆಲ್ಲ, ಮೆಲ್ಲ." ನೋವಿನಿಂದ ಅವನ ದನಿ ಸಣ್ಣದಾಗುತ್ತಿತ್ತು, ಆದರೆ ಒಂದು ತಿರುವನ್ನೂ ಅವನು ಮರೆಯಲಿಲ್ಲ. ಕೊನೆಕೊನೆಗೆ ತಿರುವು ಬರುವ ಮೊದಲೇ ಸಾಲ್ಯಾನರು, "ಗೊತ್ತುಂಟು ಮಾರಾಯ, ನೀನು ಉಸಿರು ಬಿಡು," ಎನ್ನತೊಡಗಿದರು. ಉಜಿರೆಯ ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ಅವರ ಎಡಗೈಗೆ ಹ್ಯಾಂಡಲಿನಿಂದ ಬಿಡಿಸಿಕೊಳ್ಳಲು ಬಹಳ ಹೊತ್ತು ಬೇಕಾಯಿತು.

ಮನೆಯಲ್ಲಿ ಜಗಳವಾಯಿತು. ನಾನು ಅಂಗಳದಲ್ಲಿದ್ದೆ, ಎಲ್ಲ ಕೇಳಿಸಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಮರುದಿನ ಬೆಳಿಗ್ಗೆ ವಾರಿಜಾ ನನ್ನ ತರಚಿದ ಮಗ್ಗುಲನ್ನು ತೊಳೆದರು.

ಮುಂದಿನ ತಿಂಗಳು ಯಾರೂ ಕೇಳುವ ಮೊದಲೇ ಸಾಲ್ಯಾನರು ಬಾಲವನ್ನು ಮೋನಬ್ಬರಿಗೆ ಒಪ್ಪಿಸಿದರು. "ಹಿಂದೆ ಇರುವವನು ಗೊತ್ತಿದ್ದದ್ದನ್ನು ಹೇಳಬೇಕು. ನಾನು ಹೇಳ್ಲಿಲ್ಲ," ಎಂದರು. ಬೇಡ ಎಂದು ನಾಲ್ಕಾರು ಜನ ಅಂದರು, ಅವರು ಕೇಳಲಿಲ್ಲ. ಅಂದಿನಿಂದ ನಾವು ಸಾಲಿನ ನಡುವೆ ಓಡಿದೆವು.

ಆಲ್ವಿನ್‌ನ ಮುಂಗೈಗೆ ಆರು ತಿಂಗಳು ಕ್ಲಚ್ ಎಳೆಯಲಾಗಲಿಲ್ಲ. ಅವನು ನನ್ನನ್ನೇ ಬೇಕೆಂದು ಕೇಳಿ ಕೊಂಡುಕೊಂಡ. ಸಾಲ್ಯಾನರು ನನ್ನಂಥದೇ ಹೊಸದೊಂದನ್ನು ತಂದರು. ಬೇಕರಿಯ ಬ್ರೆಡ್ಡಿನ ವಾಸನೆಯಲ್ಲಿ ನಾನು ಏಳು ವರ್ಷ ಕಳೆದೆ. ಗೋವಾ ನೋಡಿದೆ, ಹಂಪಿ ನೋಡಿದೆ. ನಕ್ಕವರು ಒಬ್ಬೊಬ್ಬರಾಗಿ ಬಂದು ನನ್ನ ಮೇಲೆ ಕೂತು, ಮಂಡಿಯ ಮಾತೋ ಸೊಂಟದ ಮಾತೋ ಎತ್ತಿ, ದೊಡ್ಡ ಸ್ಕೂಟರ್ ತೆಗೆದುಕೊಂಡರು. ಈಗ ಗುಂಪಿನಲ್ಲಿ ಅಂಥವು ಏಳಿವೆ. ಪ್ರತಿಯೊಬ್ಬರನ್ನೂ ಸಾಲ್ಯಾನರು ಮೊದಲು ಮೈದಾನಕ್ಕೆ ಕರೆದೊಯ್ದು, ತಮ್ಮ ತಪ್ಪನ್ನೇ ಮೊದಲು ಹೇಳಿ, ಆಮೇಲೆ ನನ್ನನ್ನು ಓಡಿಸಲು ಕೊಡುತ್ತಿದ್ದರು. ಆಲ್ವಿನ್ ಯಾವತ್ತೂ ಇಲ್ಲ ಎನ್ನಲಿಲ್ಲ.

ಈಗ ನನ್ನ ಎಂಜಿನ್ ನಿಂತಿದೆ. ನನಗೆ ಬೇಕಾದ ಭಾಗಗಳು ಸಿಗುವುದಿಲ್ಲ. ಗುಜರಿಗೆ ಹಾಕಲು ಆಲ್ವಿನ್‌ಗೆ ಮನಸ್ಸಾಗಲಿಲ್ಲ. ಸಾಲ್ಯಾನರ ಮನೆಯ ಪಕ್ಕದ ತಗಡು ಹೊದಿಸಿದ ಮಾಡಿನಡಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಸೆಂಟರ್ ಸ್ಟ್ಯಾಂಡಿನ ಮೇಲೆ ನಿಂತಿದ್ದೇನೆ. ಮೋಟಾರ್ ಸೈಕಲ್ ಬಿಟ್ಟು ಬರುವವರಿಗೆ ಮೊದಲ ಪಾಠ ಇನ್ನೂ ನನ್ನ ಮೇಲೆಯೇ. ಕಣ್ಣು ಮುಚ್ಚಿ ಹ್ಯಾಂಡಲ್ ಹಿಡಿಯಲು ಹೇಳಿ, ಸಾಲ್ಯಾನರು ಕುರ್ಚಿ ಎಳೆದು ಕೂತು ಬಂಗುಡೆ ಮೀನಿನ ರೇಟು, ಯಾರದೋ ಮದುವೆ, ಹಲ್ಲುನೋವು ಎಂದು ಬೇರೆ ಮಾತು ತೆಗೆಯುತ್ತಾರೆ. ಮಾತು ರಂಗೇರಿದಾಗ ಥಟ್ಟನೆ, "ತಿರುವು!" ಎಂದು ಕೂಗುತ್ತಾರೆ. ಎಡಗೈ ಮುಚ್ಚಿತೋ, ಆ ದಿನ ಪಾಠ ಮುಗಿಯಿತು.

ಈ ವಾರ ಮೋನಬ್ಬ ಬರುತ್ತಿದ್ದಾರೆ. ಅವರಿಗೀಗ ಎಪ್ಪತ್ತೊಂದು. ನಿನ್ನೆಯೂ ಅವರ ಬೆರಳು ಮುಚ್ಚಿದವು, ಐದನೆಯ ಸಲ. ಅವರು ನಕ್ಕರು. ಸಾಲ್ಯಾನರು ನಗಲಿಲ್ಲ.

"ಹೊಸ ಗಾಡಿ ಶೋರೂಮಿನಲ್ಲಿ ಕಾಯ್ತಾ ಉಂಟು ಭುಜಂಗಣ್ಣ," ಎಂದರು ಮೋನಬ್ಬ.

"ಕಾಯಲಿ. ನಾಳೆ ಬನ್ನಿ."

ವಾರಿಜಾ ಇಬ್ಬರಿಗೂ ಚಹಾ ತಂದಿಟ್ಟು, ಮೋನಬ್ಬರ ಕಪ್ಪಿನ ಹಿಡಿ ಅವರ ಬಲಗೈಗೆ ಬರುವಂತೆ ತಿರುಗಿಸಿದರು. ಅವರ ಎಡಗೈ ಇನ್ನೂ ನನ್ನ ಲಿವರಿನ ಮೇಲೆಯೇ ಇತ್ತು. ಇಷ್ಟು ವರ್ಷದಲ್ಲಿ ಎಷ್ಟು ಕೈಗಳು ಬಂದು ಹೋದವು, ಆದರೂ ಪ್ರತಿಯೊಂದು ಹೊಸ ಕೈಗೂ ನಾನು ಮೊದಲ ದಿನದಂತೆಯೇ ಹೆದರುತ್ತೇನೆ. ಓಡಲಾರದ ಗಾಡಿ ನಾನು, ನನ್ನಿಂದ ಯಾರೂ ಬೀಳಲಾರರು. ಇಲ್ಲಿ ಎಷ್ಟು ಸಲ ಬೇಕಾದರೂ ತಪ್ಪಲಿ. ನಾಳೆ ಇನ್ನೊಮ್ಮೆ, ನಾಡಿದ್ದು ಇನ್ನೊಮ್ಮೆ, ಬೆರಳು ಬಿಚ್ಚಿಕೊಂಡೇ ಇರುವ ತನಕ ನಾನು ಇಲ್ಲೇ ನಿಂತಿರುತ್ತೇನೆ.