ಕೊನೆಯ ಪುಟದ ಹುಡುಗಿ

ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕ ಹೊಲಿಯುತ್ತಿದ್ದ ಅಮ್ಮ, ಅವತ್ತು ಅಂಚು ವಾರೆಯಾಗಿ ಕತ್ತರಿಸಿಹೋದ ಒಂದು ಪ್ರತಿಯನ್ನು ಯಜಮಾನರನ್ನು ಕೇಳಿ ಮನೆಗೆ ತಂದಳು. ಮಕ್ಕಳ ಕಥೆ. ಮುಖಪುಟದ ಹುಡುಗಿ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದಳು, ಥೇಟ್ ಮನೆಯಲ್ಲಿರುವ ಮಗಳ ಹಾಗೆ.

ಮನೆಯಲ್ಲಿರುವವಳಿಗೆ ಬೀದಿಯವರು ಇಟ್ಟ ಹೆಸರು ಗಿರಿಗಿಟ್ಲೆ. ಖುಷಿಯಾದರೆ ಕೈ ಬಡಿಯುತ್ತಾ ಸುತ್ತುತ್ತಿದ್ದಳು. ಕುಕ್ಕರ್ ಕೂಗಿದರೆ ಮಂಚದ ಕೆಳಗೆ ಸೇರುತ್ತಿದ್ದಳು. ಉಳಿದ ಮಕ್ಕಳ ಗಮನ ಕೆಡುತ್ತದೆ ಎಂದು ಶಾಲೆಯವರು ನಯವಾಗಿ ಹೇಳಿ ಬಾಗಿಲು ಹಾಕಿಕೊಂಡಿದ್ದರು. ನಯವಾಗಿ ಹೊಡೆದರೆ ಅದು ಏಟಲ್ಲವೆಂದು ಓದಿದವರು ನಂಬಿದ್ದಾರೆ.

ಅಮ್ಮ ಓದಿ ಹೇಳಿದಳು. ಕಥೆಯ ಹುಡುಗಿಯೂ ಕೈ ಬಡಿಯುತ್ತಿದ್ದಳು, ಅಂಗಿಯ ಕಾಲರ್ ಚುಚ್ಚುತ್ತದೆಂದು ಅಳುತ್ತಿದ್ದಳು, ಕೇಳಿದ್ದನ್ನೇ ಹತ್ತು ಸಲ ಕೇಳುತ್ತಿದ್ದಳು. ಮುಟ್ಟಿದರೆ ಸಿಡಿಯುತ್ತಿದ್ದ ಗಿರಿಗಿಟ್ಲೆ ತಾನಾಗಿ ಬಂದು ಅಮ್ಮನ ಮಗ್ಗುಲಿಗೆ ಅಂಟಿಕೊಂಡಳು.

"ಇವಳು ನಮ್ಮನೆಯವಳು," ಎಂದಳು ಮಗಳು.

ಹೊಲಿಯುವವರಿಗೆ ಓದಲು ಪುರುಸೊತ್ತೆಲ್ಲಿ? ಕೊನೆಯ ಪುಟದಲ್ಲಿ ಏನಿದೆಯೆಂದು ಅಮ್ಮನಿಗೂ ಗೊತ್ತಿರಲಿಲ್ಲ. ಅಲ್ಲಿ, ಒಂದು ಬೆಳಿಗ್ಗೆ, ಹುಡುಗಿ ಸರಿಹೋಗಿಬಿಟ್ಟಿದ್ದಳು. ಕೈಗಳು ಸುಮ್ಮನಿದ್ದವು. ಎಲ್ಲರ ಕಣ್ಣು ನೋಡಿ ಮಾತಾಡಿದಳು. ಊರೆಲ್ಲ ಚಪ್ಪಾಳೆ ತಟ್ಟಿತು.

"ಆ ಹುಡುಗಿ ಎಲ್ಲಿ ಹೋದಳು?"

"ಅವಳೇ ಇವಳು ಕಣೆ."

"ಅಲ್ಲ. ಇವಳು ಬೇರೆ."

ಆ ಪುಟ ಹರಿದುಬಿಡೋಣವೆಂದು ಅಮ್ಮ ಕೈಹಾಕಿದರೆ ಮಗಳು ಚೀರಿಕೊಂಡಳು. ಒಂದು ಪುಟ ಕಮ್ಮಿಯಾದ ಪುಸ್ತಕವನ್ನೂ ಅವಳು ಸಹಿಸಲಾರಳು.

ಮರುದಿನ ಅಮ್ಮ ಯಜಮಾನರ ಮುಂದೆ ಬಾಯಿಬಿಟ್ಟಳು. ಇದನ್ನು ಬರೆದದ್ದು ಇಂಥ ಮಕ್ಕಳಿಗಾ, ಇಂಥ ಮಕ್ಕಳೇ ಬೇಡ ಅನ್ನುವವರಿಗಾ ಎಂದು ಕೇಳಿದಳು. ಅವರು ನಕ್ಕರು.

"ಮಕ್ಕಳ ಕಥೆ ಸುಖವಾಗಿ ಮುಗೀಬೇಕಮ್ಮ. ನಿನ್ನ ಮಗಳೂ ಹೀಗೇ ಸರಿಹೋಗಲಿ ಅಂತ ನಿನಗೆ ಆಸೆ ಇಲ್ವಾ?"

ಇತ್ತು. ಮಗಳು ಮಲಗಿದ್ದಾಳೆಂದುಕೊಂಡು ಪಕ್ಕದ ಮನೆಯಾಕೆಯ ಹತ್ತಿರ ಎಷ್ಟು ಸಲ ಹಾಗೆಂದು ಅತ್ತಿದ್ದಳೋ. ತಲೆ ತಗ್ಗಿಸಿ ಸಂಜೆಯವರೆಗೆ ಅದೇ ಪುಸ್ತಕ ಹೊಲಿದಳು.

ಮನೆಗೆ ಬಂದರೆ ಮಗಳು ಚಪ್ಪಲಿ ಹಾಕಿಕೊಂಡು ಬಾಗಿಲ ಬಳಿ ಕೂತಿದ್ದಳು. ಮಧ್ಯಾಹ್ನದಿಂದ ಹೀಗೇ, ಕರೆದರೂ ಏಳುತ್ತಿಲ್ಲ ಎಂದು ಅವಳನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯಾಕೆ ಹೇಳಿ ಹೋದಳು.

"ಎಲ್ಲಿಗೆ ಹೊರಟೆ, ಕಂದ?"

"ಆ ಹುಡುಗಿ ಹೋದಲ್ಲಿಗೆ. ನಾನು ಹೋದ್ರೆ ಒಳ್ಳೆಯವಳು ಬರ್ತಾಳೆ. ಅವಳಿಗೆ ನನ್ನ ದಿಂಬು ಕೊಡಮ್ಮ."

ಅಮ್ಮ ಅಲ್ಲೇ ಕೂತು, ಚಪ್ಪಲಿಯ ಪಟ್ಟಿ ಬಿಚ್ಚಿದಳು. ನೀನೇ ಬೇಕು, ನೀನೇ ಎಂದಳು.

ಮಗಳು ಚಪ್ಪಲಿಯನ್ನು ಮತ್ತೆ ಹಾಕಿಕೊಂಡಳು.